ಮೊಬೈಲ್ ಬೆಳಕಿಗೆ ಮುಖ ಕಪ್ಪಾಗುತ್ತದೆಯೇ?



ಈಚೆಗೆ ನಮ್ಮ ಸದಸ್ಯರ ಮನೆಗಳಲ್ಲಿ ಒಂದು ಮಾತು ಹೆಚ್ಚು ಕೇಳಿಬರುತ್ತಿದೆ. ದಿನವಿಡೀ ಮೊಬೈಲ್, ಕಂಪ್ಯೂಟರ್ ನೋಡುವುದರಿಂದ ಪರದೆಯ ನೀಲಿ ಬೆಳಕು ಮುಖಕ್ಕೆ ಬಡಿದು ಚರ್ಮ ಕಪ್ಪಾಗುತ್ತದೆ, ಬಂಗು ಬರುತ್ತದೆ, ವಯಸ್ಸಿಗೆ ಮುಂಚೆ ಸುಕ್ಕು ಬೀಳುತ್ತದೆ ಎಂಬ ಮಾತು. ಇದರ ಬೆನ್ನಿಗೇ ‘ಬ್ಲೂ ಲೈಟ್ ಪ್ರೊಟೆಕ್ಷನ್’ ಎಂದು ಡಬ್ಬಿಯ ಮೇಲೆ ಬರೆದ ಕ್ರೀಮುಗಳು ಅಂಗಡಿಗೂ ಬಂದಿವೆ, ಮೊಬೈಲಿನ ಜಾಹೀರಾತಿಗೂ ಬಂದಿವೆ. ಆನ್‌ಲೈನ್ ತರಗತಿ ಕೇಳುವ ಮಕ್ಕಳಿಗೆ, ಮನೆಯಿಂದಲೇ ಕಂಪನಿ ಕೆಲಸ ಮಾಡುವವರಿಗೆ ಇದನ್ನು ಹಚ್ಚಬೇಕೇ ಎಂದು ಹಲವರು ಕೇಳಿದ್ದಾರೆ. ಅದಕ್ಕೆ ಉತ್ತರವಾಗಿ ಈ ಲೇಖನ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನೀಲಿ ಬೆಳಕು ನಮ್ಮಂಥ ಮೈಬಣ್ಣದವರ ಚರ್ಮವನ್ನು ಕಪ್ಪಾಗಿಸುತ್ತದೆ ಎಂಬುದು ನಿಜ. ಆದರೆ ಆ ನೀಲಿ ಬೆಳಕು ಬರುವುದು ಮೊಬೈಲಿನಿಂದಲ್ಲ, ಸೂರ್ಯನಿಂದ. ಜಾಹೀರಾತಿನವರು ಮೊದಲ ಅರ್ಧವನ್ನು ವಿಜ್ಞಾನದಿಂದ ತೆಗೆದುಕೊಂಡು, ಎರಡನೆಯ ಅರ್ಧವನ್ನು ಮೆಲ್ಲಗೆ ಬದಲಿಸಿದ್ದಾರೆ. ಅದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಏಕೆಂದರೆ ಮೊಬೈಲಿನ ಮೇಲೆ ತಪ್ಪು ಹೊರಿಸಿ ಕುಳಿತರೆ ನಿಜವಾದ ಕಾರಣ ಹಾಗೆಯೇ ಉಳಿಯುತ್ತದೆ, ಕೆಲವೊಮ್ಮೆ ಆ ಕಾರಣ ನಾವು ಕೈಯಾರೆ ಹಚ್ಚಿಕೊಳ್ಳುವ ಕ್ರೀಮೇ ಆಗಿರುತ್ತದೆ.

ನೀಲಿ ಬೆಳಕು ಎಂದರೆ ಏನು

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಗಳ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಕಾಮನಬಿಲ್ಲಿನ ನೇರಳೆ, ನೀಲಿ ತುದಿಯದು 400ರಿಂದ 500ರ ನಡುವೆ ಬರುತ್ತದೆ. ಅದಕ್ಕಿಂತ ಚಿಕ್ಕ ಅಲೆಗಳು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಅವುಗಳಲ್ಲಿ 320ರಿಂದ 400ರವರೆಗಿನದು ‘ಎ’ ಬಗೆ, ಅದಕ್ಕೂ ಚಿಕ್ಕದು ‘ಬಿ’ ಬಗೆ. ಬಿಸಿಲಿಗೆ ಮೈ ಸುಟ್ಟು ಕೆಂಪಾಗುವುದು ಮುಖ್ಯವಾಗಿ ‘ಬಿ’ಯಿಂದ. ಚರ್ಮದ ಆಳಕ್ಕೆ ಇಳಿದು ಸುಕ್ಕು ತರುವುದು ‘ಎ’. ಮೊಬೈಲ್ ಪರದೆಯಿಂದ ಅತಿನೇರಳೆ ಕಿರಣ ಹೊರಬರುವುದಿಲ್ಲ ಎಂದೇ ಇಟ್ಟುಕೊಳ್ಳಬಹುದು. ಉಳಿಯುವುದು ನೀಲಿ ಮಾತ್ರ.

ಪರದೆಗಳಲ್ಲಿ ನೀಲಿ ಏಕೆ ಇದೆ ಎಂಬುದಕ್ಕೂ ಒಂದು ಕಥೆಯಿದೆ. ಕೆಂಪು, ಹಸಿರು ಎಲ್‌ಇಡಿಗಳು ಬಹಳ ಹಿಂದೆಯೇ ಬಂದಿದ್ದವು, ಪ್ರಖರವಾದ ನೀಲಿ ಎಲ್‌ಇಡಿ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶುಜಿ ನಕಾಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಇಂದು ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬಿನೊಳಗೂ ಇರುವುದು ಸುಮಾರು 450 ನ್ಯಾನೊಮೀಟರಿನ ನೀಲಿ ದೀಪವೇ. ಅದರ ಮೇಲೆ ಹಳದಿ ಲೇಪನ ಬಳಿದು ಬಿಳಿಯಾಗಿ ಕಾಣಿಸುತ್ತಾರೆ. ಬಹಳಷ್ಟು ಪರದೆಗಳ ಹಿಂದಿನ ಬೆಳಕೂ ಇದೇ. ಹಾಗಾಗಿ ‘ಪರದೆಯಲ್ಲಿ ನೀಲಿ ಇದೆ’ ಎಂಬ ಮಾತು ಸುಳ್ಳಲ್ಲ. ಪ್ರಶ್ನೆ ಇರುವುದು ಎಷ್ಟಿದೆ ಎಂಬುದರಲ್ಲಿ.

ಒಂದು ಲೆಕ್ಕ

ಇದಕ್ಕೆ ಪ್ರಯೋಗಾಲಯ ಬೇಕಾಗಿಲ್ಲ, ಹೈಸ್ಕೂಲಿನ ಗಣಿತ ಸಾಕು. ನಮ್ಮ ಮಕ್ಕಳ ಕೈಯಲ್ಲೇ ಮಾಡಿಸಿ ನೋಡಬಹುದು.

ಸಾಧಾರಣ ಮೊಬೈಲಿನ ಪರದೆ 15 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ಪೂರ್ತಿ ಬೆಳಕು ಏರಿಸಿ, ಪರದೆ ತುಂಬ ಬಿಳಿ ಬಣ್ಣ ಇಟ್ಟರೆ ಅದರ ಪ್ರಖರತೆ ಸುಮಾರು 500 ನಿಟ್. ಮುಖದಿಂದ ಒಂದು ಅಡಿ, ಅಂದರೆ 30 ಸೆಂಟಿಮೀಟರ್ ದೂರದಲ್ಲಿ ಹಿಡಿದಿದ್ದೇವೆ. ಪರದೆಯ ವಿಸ್ತೀರ್ಣವನ್ನು ಮೀಟರ್ ಲೆಕ್ಕದಲ್ಲಿ ಹಾಕಿದರೆ 0.0105. ಅದನ್ನು 500ರಿಂದ ಗುಣಿಸಿದರೆ 5.25. ದೂರದ ವರ್ಗವಾದ 0.09ರಿಂದ ಭಾಗಿಸಿದರೆ 58. ಅಂದರೆ ಮುಖದ ಮೇಲೆ ಬೀಳುವುದು ಸುಮಾರು 58 ಲಕ್ಸ್ ಬೆಳಕು. ಲ್ಯಾಪ್‌ಟಾಪಿನ ಪರದೆ ದೊಡ್ಡದು, ಆದರೆ ಕೂರುವ ದೂರ ಹೆಚ್ಚು. ಅಲ್ಲಿಯೂ ಲೆಕ್ಕ 60ರ ಆಸುಪಾಸಿಗೇ ಬರುತ್ತದೆ. ಎರಡೂವರೆ ಮೀಟರ್ ದೂರದ ಟಿವಿಯದು ಇನ್ನೂ ಕಡಿಮೆ, 20 ಲಕ್ಸ್ ಆಗಬಹುದು.

ಈಗ ಮಧ್ಯಾಹ್ನದ ಬಿಸಿಲಿಗೆ ಬನ್ನಿ. ಅಲ್ಲಿ ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಪರದೆಯ ಬಿಳಿಯನ್ನು ಹಗಲು ಬೆಳಕಿಗೆ ಹತ್ತಿರವಾಗಿರುವಂತೆಯೇ ಹೊಂದಿಸಿರುವುದರಿಂದ ನೀಲಿಯ ಪಾಲು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದು ಹಿಡಿಯಬಹುದು. ಹಾಗಾದರೆ ಬಿಸಿಲಿನ ನೀಲಿ ಮೊಬೈಲಿನ ನೀಲಿಗಿಂತ ಸುಮಾರು 1,700 ಪಟ್ಟು. ಮೊಬೈಲನ್ನು 28 ಗಂಟೆ ಎಡೆಬಿಡದೆ ಪೂರ್ತಿ ಬೆಳಕಿನಲ್ಲಿ ನೋಡಿದರೆ ಒಂದು ನಿಮಿಷದ ಬಿಸಿಲಿಗೆ ಸಮ. ದಿನಕ್ಕೆ ಐದು ಗಂಟೆ ಮೊಬೈಲ್ ಹಿಡಿಯುವ ನಮ್ಮ ಹುಡುಗರು ಸುಮಾರು ಎರಡು ತಿಂಗಳಲ್ಲಿ ಪಡೆಯುವಷ್ಟು ನೀಲಿ ಬೆಳಕನ್ನು, ಮಧ್ಯಾಹ್ನ ತರಕಾರಿ ತರಲು ಹತ್ತು ನಿಮಿಷ ಹೊರಗೆ ಹೋದ ಅವರ ತಾಯಿ ಅಂದೇ ಪಡೆದಿರುತ್ತಾರೆ.

ಲೆಕ್ಕ ಒರಟಾದದ್ದು ಎಂದು ಒಪ್ಪುತ್ತೇವೆ. ಮಗು ಮೊಬೈಲನ್ನು ಇನ್ನೂ ಹತ್ತಿರ ಹಿಡಿದರೆ ಮೂರು ನಾಲ್ಕು ಪಟ್ಟು ಹೆಚ್ಚಬಹುದು, ರಾತ್ರಿ ಬೆಳಕು ತಗ್ಗಿಸಿದರೆ ಹತ್ತನೆಯ ಒಂದು ಪಾಲಾಗಬಹುದು. ಹೇಗೆ ಎಳೆದಾಡಿದರೂ ಸೂರ್ಯನ ಹತ್ತಿರಕ್ಕೂ ಬರುವುದಿಲ್ಲ. ನಿವಿಯಾ ಕ್ರೀಮು ತಯಾರಿಸುವ ಜರ್ಮನಿಯ ಬೈಯರ್ಸ್‌ಡಾರ್ಫ್ ಕಂಪನಿಯ ಸಂಶೋಧಕರೇ ಇದನ್ನು ಅಳೆದು, ಕಂಪ್ಯೂಟರ್ ಪರದೆಯ ಮುಂದೆ 30 ಸೆಂಟಿಮೀಟರ್ ದೂರದಲ್ಲಿ ಇಡೀ ವಾರ ಕುಳಿತರೂ ಹ್ಯಾಂಬರ್ಗ್ ಊರಿನ ಬಿಸಿಲಿನಲ್ಲಿ ಮಧ್ಯಾಹ್ನ ಒಂದು ನಿಮಿಷ ನಿಂತಷ್ಟೇ ಎಂದು ಹೇಳಿದ್ದಾರೆ. ಕ್ರೀಮು ಮಾರುವವರೇ ಹೀಗೆ ಹೇಳಿದ ಮೇಲೆ ನಮ್ಮದೇನು! ಅದೂ ಹ್ಯಾಂಬರ್ಗಿನ ಬಿಸಿಲು. ಸೊಲ್ಲಾಪುರದ್ದೋ ಆದೋನಿಯದೋ ಅಲ್ಲ.

ಮನುಷ್ಯರ ಮೇಲೆಯೇ ನಡೆದ ಪರೀಕ್ಷೆಯೂ ಒಂದಿದೆ. ಫ್ರಾನ್ಸಿನ ನೀಸ್ ಊರಿನ ತಜ್ಞರು 2020ರಲ್ಲಿ ಪ್ರಕಟಿಸಿದ್ದು. ಮುಖದಲ್ಲಿ ಈಗಾಗಲೇ ಬಂಗು ಇದ್ದ 12 ಮಂದಿಯ ಅರ್ಧ ಮುಖಕ್ಕೆ, ಪ್ರಖರ ಪರದೆಯ ಮುಂದೆ 20 ಸೆಂಟಿಮೀಟರ್ ದೂರದಲ್ಲಿ ದಿನಕ್ಕೆ 8 ಗಂಟೆಯಂತೆ 5 ದಿನ ಕುಳಿತಷ್ಟು ನೀಲಿ ಬೆಳಕು ಬಿಟ್ಟು ನೋಡಿದರು. ಬೆಳಕು ಬಿದ್ದ ಅರ್ಧಕ್ಕೂ ಬೀಳದ ಅರ್ಧಕ್ಕೂ ವ್ಯತ್ಯಾಸ ಕಾಣಲಿಲ್ಲ. ಹನ್ನೆರಡು ಜನ, ಐದು ದಿನ ಎಂದರೆ ಸಣ್ಣ ಪರೀಕ್ಷೆಯೇ. ವರ್ಷಗಟ್ಟಲೆ ನೋಡಿದರೆ ಏನಾಗುತ್ತದೆ ಎಂಬುದನ್ನು ಅದೊಂದರಿಂದಲೇ ಹೇಳಲಾಗದು. ಆದರೆ ಮೇಲಿನ ಲೆಕ್ಕ ಹೇಳುವುದನ್ನೇ ಅದೂ ಹೇಳುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಅನೇಕ ತಾಯಂದಿರು ಕಣ್ಣಾರೆ ಕಂಡದ್ದು. ಹುಟ್ಟಿದ ಮಗುವಿಗೆ ಕಾಮಾಲೆ ಬಂದರೆ ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಇಂಗ್ಲೆಂಡಿನ ಎಸೆಕ್ಸ್‌ನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ 1956ರಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ, ಬಿಸಿಲಿಗೆ ಮೈಯೊಡ್ಡಿದ ಕಡೆಯಲ್ಲಿ ಮಗುವಿನ ಹಳದಿ ಇಳಿದಿರುವುದನ್ನೂ, ಬಟ್ಟೆ ಮುಚ್ಚಿದ್ದ ಕಡೆ ಹಾಗೆಯೇ ಉಳಿದಿರುವುದನ್ನೂ ಗಮನಿಸಿದಳು. ಅಲ್ಲಿಂದ ಈ ಚಿಕಿತ್ಸೆ ಹುಟ್ಟಿತು. ಆ ದೀಪದ ನೀಲಿ ಮೊಬೈಲಿನದಕ್ಕಿಂತ ಎಷ್ಟೋ ಪ್ರಖರ. ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಬರಿಮೈಯಲ್ಲಿ ಗಂಟೆಗಟ್ಟಲೆ ಮಲಗಿಸುತ್ತಾರೆ. ಲಕ್ಷಾಂತರ ಮಕ್ಕಳು ಅದರ ಕೆಳಗೆ ಮಲಗಿ ಎದ್ದಿದ್ದಾರೆ.

ಹಾಗಾದರೆ ಬಂಗು ಎಲ್ಲಿಂದ ಬಂತು

ಇಲ್ಲಿ ಒಂದು ಸ್ವಾರಸ್ಯ ಹೇಳದೆ ಮುಂದೆ ಹೋಗಲಾಗದು. ಕೆನ್ನೆ, ಹಣೆ, ಮೂಗಿನ ಮೇಲೆ ಕಂದು ಛಾಯೆಯಂತೆ ಹರಡುವ ಈ ಕಲೆಗೆ ನಾವು ಬಂಗು ಎನ್ನುತ್ತೇವೆ. ಹೊಸೂರು, ತಾಳವಾಡಿಯ ನೆರೆಯ ತಮಿಳರು ಮಂಗು ಎನ್ನುತ್ತಾರೆ. ಮಡಕಶಿರಾ, ರಾಯದುರ್ಗದ ಕಡೆ ತೆಲುಗಿನಲ್ಲಿ ಮಂಗು ಮಚ್ಚಲು. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ ವಾಂಗ್. ಕಾಸರಗೋಡಿನವರು ಕೇಳುವ ಮಲಯಾಳದ ಹೆಸರು ಮಾತ್ರ ಬೇರೆ ಜಾಡಿನದು, ಕರಿಮಂಗಲ್ಯಂ. ಗಡಿ ದಾಟಿದರೂ ಕಲೆಯೂ ಬಿಡಲಿಲ್ಲ, ಹೆಸರೂ ಹೆಚ್ಚು ಬದಲಾಗಲಿಲ್ಲ. ವೈದ್ಯರ ಬಳಿ ಹೋದಾಗ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ ಎಂದೇ ಇಲ್ಲಿ ಬರೆದಿದ್ದೇವೆ. ಇಂಗ್ಲಿಷಿನಲ್ಲಿ ಅವರು ಬರೆದುಕೊಳ್ಳುವುದು ಮೆಲಾಸ್ಮಾ ಎಂದು. ಮೊಬೈಲು ಬರುವುದಕ್ಕೆ ಎಷ್ಟೋ ಕಾಲ ಮೊದಲೇ ನಮ್ಮ ಅಜ್ಜಿಯರಿಗೆ ಬಂಗು ಗೊತ್ತಿತ್ತು ಎಂಬುದನ್ನೂ ಈ ಹೆಸರುಗಳೇ ಹೇಳುತ್ತವೆ.

ಚರ್ಮದ ಬಣ್ಣವನ್ನು ತಯಾರಿಸುವುದು ಮೆಲನೋಸೈಟ್ ಎಂಬ ಜೀವಕೋಶಗಳು. ಬಿಸಿಲು ಬಿದ್ದರೆ ಅವು ಹೆಚ್ಚು ಬಣ್ಣ ಮಾಡಿ ಚರ್ಮಕ್ಕೆ ಕೊಡೆ ಹಿಡಿಯುತ್ತವೆ. ಗರ್ಭಿಣಿಯಾದಾಗ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ದೇಹದ ಹಾರ್ಮೋನುಗಳು ಅವನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತವೆ. ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಇವೆಲ್ಲದರ ಮೇಲೆ ಬಿಸಿಲು ಬಿದ್ದಾಗ ಬಂಗು ಮೂಡುತ್ತದೆ, ಮೂಡಿದ್ದು ಗಾಢವಾಗುತ್ತದೆ. ಬಸುರಿನಲ್ಲಿ ಬಂದದ್ದು ಹೆರಿಗೆಯಾದ ಕೆಲ ತಿಂಗಳಲ್ಲಿ ತಾನಾಗಿ ತಿಳಿಯಾಗುವುದೂ ಉಂಟು.

ಬಹಳ ಕಾಲ ವೈದ್ಯರು ಅತಿನೇರಳೆ ಕಿರಣವೊಂದೇ ಇದಕ್ಕೆ ಕಾರಣ ಎಂದು ತಿಳಿದಿದ್ದರು. 2010ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ತಜ್ಞರು ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ಚರ್ಮದ ಮೇಲೆ ಬಿಟ್ಟು ನೋಡಿದರು. ಬಿಳಿಯರ ಚರ್ಮದಲ್ಲಿ ಏನೂ ಆಗಲಿಲ್ಲ. ಕಂದು, ಕಪ್ಪು ಮೈಬಣ್ಣದವರಲ್ಲಿ ಮಾತ್ರ ಕಲೆ ಮೂಡಿತು, ಮತ್ತು ಅದು ಅತಿನೇರಳೆ ‘ಎ’ಯಿಂದಾದ ಕಲೆಗಿಂತ ಗಾಢವಾಗಿಯೂ ಹೆಚ್ಚು ದಿನವೂ ಉಳಿಯಿತು. 2014ರಲ್ಲಿ ಫ್ರಾನ್ಸಿನವರು ಬಣ್ಣಗಳನ್ನು ಬೇರೆ ಬೇರೆ ಮಾಡಿ ನೋಡಿದಾಗ, ಕೆಂಪು ಬೆಳಕು ಏನೂ ಮಾಡಲಿಲ್ಲ, 415 ನ್ಯಾನೊಮೀಟರಿನ ನೀಲಿ-ನೇರಳೆ ಮಾಡಿದ ಕಲೆ ಮೂರು ತಿಂಗಳವರೆಗೂ ಇತ್ತು. 2018ರಲ್ಲಿ ಕಾರಣವೂ ಸಿಕ್ಕಿತು. ಮೆಲನೋಸೈಟ್ ಕೋಶಗಳಲ್ಲಿ ಆಪ್ಸಿನ್-3 ಎಂಬ ಪ್ರೋಟೀನ್ ಇದೆ. ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಪ್ರೋಟೀನುಗಳ ಬಳಗದ್ದೇ ಇದು. ನೀಲಿ ಬೆಳಕು ಬಿದ್ದದ್ದನ್ನು ಇದು ಕಂಡುಹಿಡಿದು ಬಣ್ಣ ತಯಾರಿಸಲು ಸೂಚನೆ ಕೊಡುತ್ತದೆ. ಚರ್ಮಕ್ಕೂ ಒಂದು ಬಗೆಯ ಕಣ್ಣಿದೆ ಎಂದರೆ ತಪ್ಪಾಗದು.

ಈ ಸಂಶೋಧನೆಗಳಲ್ಲಿ ಬಳಸಿದ್ದು ಬಿಸಿಲಿನಂಥ ಪ್ರಬಲ ದೀಪಗಳು, ಮೊಬೈಲಲ್ಲ. ಜಾಹೀರಾತಿನವರು ಕೈಚಳಕ ತೋರಿಸಿದ್ದು ಇಲ್ಲಿಯೇ. ಆದರೆ ನಮ್ಮ ಮೈಬಣ್ಣದವರಿಗೆ ಇದರಿಂದ ಒಂದು ಮುಖ್ಯ ಸಂಗತಿ ತಿಳಿಯಿತು. ಸಾಮಾನ್ಯ ಸನ್‌ಸ್ಕ್ರೀನಿನ ಮೇಲೆ ಬರೆದ ಎಸ್‌ಪಿಎಫ್ ಎಂಬುದು ‘ಬಿ’ ಕಿರಣದ ಲೆಕ್ಕ. ಪಿಎ ಎಂದು ಬರೆದು ಹಾಕಿದ ಕೂಡುಚಿಹ್ನೆಗಳು ‘ಎ’ ಕಿರಣದ ಲೆಕ್ಕ. ಕಾಣುವ ಬೆಳಕಿನ ಲೆಕ್ಕ ಎರಡರಲ್ಲೂ ಇಲ್ಲ. ಎಸ್‌ಪಿಎಫ್ 50 ಹಚ್ಚಿಕೊಂಡರೂ ಬಂಗು ಮರಳಿ ಬರುತ್ತದೆ ಎಂದು ಎಷ್ಟೋ ಜನ ಹೇಳುವುದಕ್ಕೆ ಇದೂ ಒಂದು ಕಾರಣ.

ಕಾಣುವ ಬೆಳಕನ್ನು ತಡೆಯಬೇಕಾದರೆ ಆ ಲೇಪ ಕಣ್ಣಿಗೆ ಕಾಣುವಂತಿರಬೇಕು. ಪೂರ್ತಿ ಪಾರದರ್ಶಕವಾದದ್ದು ತಡೆಯಲಾರದು, ಇದು ಸರಳ ತರ್ಕ. ಹಾಗಾಗಿ ಮೈಬಣ್ಣ ಸೇರಿಸಿದ ಸನ್‌ಸ್ಕ್ರೀನುಗಳಲ್ಲಿ ಐರನ್ ಆಕ್ಸೈಡ್ ಬಳಸುತ್ತಾರೆ. ಹೆಸರು ದೊಡ್ಡದು, ವಸ್ತು ಹಳೆಯದು. ಹೊಸ್ತಿಲಿಗೆ, ತುಳಸಿಕಟ್ಟೆಗೆ ಬಳಿಯುವ ಕೆಮ್ಮಣ್ಣಿನ ಕೆಂಪು ಬಣ್ಣ ಕೂಡ ಐರನ್ ಆಕ್ಸೈಡಿನದೇ. (ಹಾಗೆಂದು ಕೆಮ್ಮಣ್ಣನ್ನು ಮುಖಕ್ಕೆ ಮೆತ್ತಿಕೊಳ್ಳಬೇಡಿ.) ಮೆಕ್ಸಿಕೊದಲ್ಲಿ ಬಂಗು ಇದ್ದವರಲ್ಲಿ ಹೋಲಿಸಿ ನೋಡಿದಾಗ, ಐರನ್ ಆಕ್ಸೈಡ್ ಇದ್ದ ಸನ್‌ಸ್ಕ್ರೀನ್ ಹಚ್ಚಿದವರಿಗೆ ಬರೀ ಅತಿನೇರಳೆ ತಡೆಯುವುದನ್ನು ಹಚ್ಚಿದವರಿಗಿಂತ ಹೆಚ್ಚು ಗುಣ ಕಂಡಿತು.

ಡಬ್ಬಿಯ ಮೇಲೆ ಇದನ್ನು ಗುರುತಿಸುವುದು ಹೇಗೆ? ನಮ್ಮ ಊರುಗಳಲ್ಲಿ ಔಷಧದ ಮೇಲೆ ಕನ್ನಡ ಸಿಗುವುದಿಲ್ಲ ಎಂಬುದು ಹಳೆಯ ದೂರು. ಇಲ್ಲಿ ಸಂಖ್ಯೆಗಳು ನೆರವಿಗೆ ಬರುತ್ತವೆ. ಒಳಗಿನ ವಸ್ತುಗಳ ಪಟ್ಟಿಯಲ್ಲಿ ಸಿಐ 77491, 77492, 77499 ಎಂಬ ಸಂಖ್ಯೆಗಳನ್ನು ಹುಡುಕಿ. ಕ್ರಮವಾಗಿ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡುಗಳ ಸಂಖ್ಯೆ ಇವು. ಇವು ಇಲ್ಲದೆ ಬರೀ ‘ಬ್ಲೂ ಲೈಟ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಆ ಮಾತಿಗೆ ಆಧಾರವೇನೆಂದು ಅಂಗಡಿಯವರನ್ನು ಕೇಳಿ. ಬಂಗು ಇಲ್ಲದವರಿಗೆ ಈ ಖರ್ಚು ಬೇಕಾಗಿಲ್ಲ. ಮನೆಯೊಳಗೆ ಕುಳಿತು ಮೊಬೈಲ್ ನೋಡುವುದಕ್ಕಂತೂ ಯಾರಿಗೂ ಬೇಕಾಗಿಲ್ಲ.

ನಮ್ಮ ಊರುಗಳ ಬಿಸಿಲು

ಬಿಸಿಲು ಎಂದರೆ ಬಿಸಿ ಎಂದು ನಾವು ಭಾವಿಸುತ್ತೇವೆ. ಇದರಿಂದ ಹೆಚ್ಚು ಮೋಸ ಹೋಗುವವರು ನೀಲಗಿರಿಯ ನಮ್ಮ ಸದಸ್ಯರು. ಸಮುದ್ರ ಮಟ್ಟದಿಂದ ಪ್ರತಿ 1,000 ಮೀಟರ್ ಮೇಲೇರಿದಂತೆ ಅತಿನೇರಳೆ ಕಿರಣ ಶೇಕಡ 10ರಷ್ಟಾದರೂ ಹೆಚ್ಚುತ್ತದೆ. ಊಟಿ ಇರುವುದು 2,200 ಮೀಟರಿಗೂ ಮೇಲೆ. ಸ್ವೆಟರ್ ಹಾಕಿಕೊಂಡು ಹಿತವಾದ ಬಿಸಿಲು ಕಾಯಿಸುತ್ತ ಚಹಾ ತೋಟದಲ್ಲಿ ನಿಂತವರ ಮುಖದ ಮೇಲೆ ಬೀಳುವ ಕಿರಣ ಸಣ್ಣದಲ್ಲ, ಮೈಗೆ ತಿಳಿಯುವುದಿಲ್ಲ ಅಷ್ಟೆ. ಕಾಸರಗೋಡಿನ ಕಡಲತೀರದವರಿಗೆ ಮೋಡದ ಮೋಸ. ತೆಳುವಾದ ಮೋಡದ ಮೂಲಕ ಅತಿನೇರಳೆ ಕಿರಣದ ಹೆಚ್ಚಿನ ಪಾಲು ಕೆಳಗಿಳಿಯುತ್ತದೆ, ಜೊತೆಗೆ ಒಣ ಮರಳು ಸುಮಾರು ಶೇಕಡ 15ರಷ್ಟನ್ನು ಕೆಳಗಿನಿಂದ ಮುಖಕ್ಕೆ ಮರಳಿಸುತ್ತದೆ. ಸೊಲ್ಲಾಪುರ, ಆದೋನಿ, ರಾಯದುರ್ಗದವರಿಗೆ ಬಿಸಿಲಿನ ಬಗ್ಗೆ ನಾವು ಹೇಳಬೇಕಾದ್ದೇನೂ ಇಲ್ಲ. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಸೆರಗನ್ನು ಹಣೆಯವರೆಗೆ ಎಳೆದು ಕಟ್ಟುವುದೂ, ಗಂಡಸರು ರುಮಾಲು ಸುತ್ತುವುದೂ ಯಾವ ಕ್ರೀಮಿಗೂ ಕಡಿಮೆಯಲ್ಲದ ರಕ್ಷಣೆ. ದಟ್ಟ ನೇಯ್ಗೆಯ ಹತ್ತಿ ಬಟ್ಟೆ ಅತಿನೇರಳೆಯನ್ನೂ ನೀಲಿಯನ್ನೂ ಒಟ್ಟಿಗೆ ತಡೆಯುತ್ತದೆ. ಕೊಡೆಯೂ ಹಾಗೆಯೇ.

ದಿನವೂ ಹೊಸೂರಿನಿಂದ ಬೆಂಗಳೂರಿಗೆ, ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಮಾತು. ಗಾಜು ‘ಬಿ’ ಕಿರಣವನ್ನು ತಡೆಯುತ್ತದೆ, ಆದ್ದರಿಂದ ಮೈ ಸುಡುವುದಿಲ್ಲ. ಆದರೆ ‘ಎ’ಯ ಬಹುಪಾಲೂ, ಕಾಣುವ ಬೆಳಕೂ ಒಳಗೆ ಬರುತ್ತವೆ. ಅಮೆರಿಕದಲ್ಲಿ 28 ವರ್ಷ ಲಾರಿ ಓಡಿಸಿದ 69 ವಯಸ್ಸಿನ ಚಾಲಕನೊಬ್ಬನ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದು ಪ್ರಸಿದ್ಧವಾಯಿತು. ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ವರ್ಷ ಹಳೆಯದರಂತೆ ಜೋತುಬಿದ್ದು ಸುಕ್ಕುಗಟ್ಟಿತ್ತು. ನಮ್ಮಲ್ಲಿ ಚಾಲಕರು ಕೂರುವುದು ಬಲಗಡೆ, ಹಾಗಾಗಿ ನಮ್ಮವರ ಬಲಗೆನ್ನೆಯನ್ನು ನೋಡಬೇಕು. ಹೋಗುವಾಗಲೂ ಬರುವಾಗಲೂ ಬಸ್ಸಿನ ಒಂದೇ ಮಗ್ಗುಲಿನ ಕಿಟಕಿ ಹಿಡಿಯುವವರು ಪರದೆ ಎಳೆದುಕೊಂಡರೆ ಒಳ್ಳೆಯದು. ಆ ಪ್ರಯಾಣದ ಉದ್ದಕ್ಕೂ ಮೊಬೈಲ್ ನೋಡುತ್ತಿರುತ್ತಾರೆ, ಆಮೇಲೆ ಮುಖ ಕಪ್ಪಾಗಿದ್ದಕ್ಕೆ ಮೊಬೈಲನ್ನೇ ಬೈಯುತ್ತಾರೆ!

ನಿಜವಾದ ಅಪಾಯ ಟ್ಯೂಬಿನಲ್ಲಿದೆ

ನಮಗೆ ಹೆಚ್ಚು ಚಿಂತೆಯಾಗಿರುವುದು ಇದು. ಬಂಗು ಬಂದವರಲ್ಲಿ ಅನೇಕರು ಮೊದಲು ಹೋಗುವುದು ವೈದ್ಯರ ಬಳಿಗಲ್ಲ, ಔಷಧದ ಅಂಗಡಿಗೆ ಅಥವಾ ಬ್ಯೂಟಿ ಪಾರ್ಲರಿಗೆ. ಅಲ್ಲಿ ಸಿಗುವ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇದ್ದರೆ ಒಂದೆರಡು ವಾರದಲ್ಲಿ ಮುಖ ಹೊಳೆಯುತ್ತದೆ. ನೆರೆಮನೆಯವರು ಕೇಳುತ್ತಾರೆ, ಅವರಿಗೂ ಅದೇ ಟ್ಯೂಬು. ಕೆಲ ತಿಂಗಳಲ್ಲಿ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಹೆಂಗಸರ ಮುಖದಲ್ಲಿ ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಬಿಟ್ಟರೆ ಇನ್ನೂ ಹೆಚ್ಚು ಉರಿ, ಆದ್ದರಿಂದ ಬಿಡಲಾಗದೆ ಮತ್ತೆ ಹಚ್ಚುತ್ತಾರೆ. ನಮ್ಮ ದೇಶದ ಚರ್ಮರೋಗ ತಜ್ಞರು ಇದನ್ನು ಎಷ್ಟು ಕಂಡಿದ್ದಾರೆಂದರೆ ‘ಸ್ಟಿರಾಯ್ಡ್‌ನಿಂದ ಕೆಟ್ಟ ಮುಖ’ ಎಂಬ ಅರ್ಥದ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಇದೆ, ಕೌಂಟರಿನಲ್ಲಿ ಕೇಳಿದರೆ ಸಿಗುವುದೂ ಇದೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್, ಫ್ಲುಟಿಕಾಸೋನ್ ಎಂಬ ಹೆಸರು ಕಂಡರೆ ಅದು ಸ್ಟಿರಾಯ್ಡ್ ಎಂದು ತಿಳಿಯಿರಿ. ಇವು ವಿಷವಲ್ಲ. ಸರಿಯಾದ ರೋಗಕ್ಕೆ, ಸರಿಯಾದ ಜಾಗಕ್ಕೆ, ಎಣಿಸಿದ ದಿನಗಳಿಗೆ ವೈದ್ಯರು ಬರೆಯುತ್ತಾರೆ. ಬಂಗಿಗೂ ಮೂರು ಔಷಧ ಸೇರಿದ ಕ್ರೀಮನ್ನು ಕೆಲ ವಾರಕ್ಕೆ ಕೊಡುವುದುಂಟು. ಆ ಕೆಲ ವಾರ ಕೆಲ ವರ್ಷವಾಗುವುದರಲ್ಲಿ ತೊಂದರೆ ಇದೆ. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿರುವವರು ಇದನ್ನು ಓದಿ ಗಾಬರಿಯಿಂದ ನಾಳೆಯೇ ನಿಲ್ಲಿಸದೆ, ವೈದ್ಯರನ್ನು ಕಂಡು ಹಂತಹಂತವಾಗಿ ಬಿಡಿಸಿಕೊಳ್ಳಬೇಕು.

ಎರಡನೆಯದು ಪಾದರಸ. ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲಿ ಪಾದರಸದ ಲವಣ ಸೇರಿಸುತ್ತಾರೆ, ಅದು ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನೂ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರಿಂದ 2023ರ ನಡುವೆ ತಮ್ಮಲ್ಲಿಗೆ ಬಂದ, ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದಿಕೊಳ್ಳುವ ಒಂದು ಬಗೆಯ ಮೂತ್ರಪಿಂಡ ರೋಗದ 22 ಮಂದಿಯನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಯದು ಅಪರೂಪದ ಒಂದೇ ಜಾತಿಯ ರೋಗ. ಆ 15ರಲ್ಲಿ 13 ಮಂದಿ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದರು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ನಕಲಿ ಸೌಂದರ್ಯವರ್ಧಕಗಳ ಮೇಲೆ ದಾಳಿ ನಡೆಸಿತು. ಕಾಸರಗೋಡು, ವಯನಾಡಿನ ಸದಸ್ಯರು ಇದನ್ನು ಪತ್ರಿಕೆಗಳಲ್ಲಿ ಓದಿರಬಹುದು. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ, ಹೊರದೇಶದ ಹೆಸರು ಮಾತ್ರ ಇರುವ ಡಬ್ಬಿಯನ್ನು ಯಾರು ಉಡುಗೊರೆಯಾಗಿ ತಂದುಕೊಟ್ಟರೂ ಮುಖಕ್ಕೆ ಹಚ್ಚಬೇಡಿ. ಕೊಲ್ಲಿ ದೇಶದಿಂದ ನೆಂಟರು ತಂದದ್ದಾದರೂ ಅಷ್ಟೆ.

ಮನೆಮದ್ದಿನಲ್ಲಿ ಒಂದನ್ನು ಮಾತ್ರ ಹೇಳುತ್ತೇವೆ. ಕಲೆಗೆ ನಿಂಬೆರಸ ತಿಕ್ಕಿ ಬಿಸಿಲಿಗೆ ಹೋದರೆ ರಸದಲ್ಲಿರುವ ವಸ್ತು ಅತಿನೇರಳೆ ಕಿರಣದೊಡನೆ ಸೇರಿ ಚರ್ಮವನ್ನು ಸುಟ್ಟಂತೆ ಮಾಡುತ್ತದೆ, ಆಮೇಲೆ ಇನ್ನೂ ಕಪ್ಪು ಗುರುತು ಉಳಿಯುತ್ತದೆ.

ಮೊಬೈಲಿಗೆ ಪೂರ್ತಿ ಬಿಡುಗಡೆಯಿಲ್ಲ

ಹಾಗೆಂದು ಪರದೆಗಳಿಂದ ಏನೂ ತೊಂದರೆಯಿಲ್ಲ ಎನ್ನಲಾಗದು. ಕಣ್ಣಿನ ಹಿಂಭಾಗದ ಕೆಲವು ನರಕೋಶಗಳು 480 ನ್ಯಾನೊಮೀಟರಿನ ಆಸುಪಾಸಿನ ನೀಲಿಯನ್ನು ಗ್ರಹಿಸಿ ‘ಇನ್ನೂ ಹಗಲಿದೆ’ ಎಂದು ಮಿದುಳಿಗೆ ಹೇಳುತ್ತವೆ. ಇದಕ್ಕೆ ಚರ್ಮಕ್ಕೆ ಬೇಕಾದಷ್ಟು ಪ್ರಬಲ ಬೆಳಕು ಬೇಡ, ಕತ್ತಲ ಕೋಣೆಯಲ್ಲಿ ಸ್ವಲ್ಪವೇ ಸಾಕು. ಬೋಸ್ಟನ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಲಗುವ ಮುನ್ನ ಬೆಳಕಿನ ಪರದೆಯಲ್ಲಿ ಓದಿದವರಿಗೆ ಕಾಗದದ ಪುಸ್ತಕ ಓದಿದವರಿಗಿಂತ ನಿದ್ದೆ ಬರಲು ಹೆಚ್ಚು ಹೊತ್ತು ಹಿಡಿಯಿತು, ನಿದ್ದೆ ತರುವ ಮೆಲಟೋನಿನ್ ತಡವಾಗಿ ಏರಿತು. ನಿದ್ದೆ ಕೆಟ್ಟವರ ಚರ್ಮ ಬಿಸಿಲಿನ ಹಾನಿಯಿಂದ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ ಎಂದು ಅಮೆರಿಕದ ಕ್ಲೀವ್‌ಲ್ಯಾಂಡಿನವರು ತೋರಿಸಿದ್ದಾರೆ. ಮೊಬೈಲು ಮುಖವನ್ನು ಕೆಡಿಸುವುದಿದ್ದರೆ ಹೀಗೆ ಬಳಸುದಾರಿಯಲ್ಲಿ. ಅದಕ್ಕೆ ಕ್ರೀಮು ಮದ್ದಲ್ಲ, ಹತ್ತು ಗಂಟೆಗೆ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬರುವುದು ಮದ್ದು.

ಲ್ಯಾಪ್‌ಟಾಪನ್ನು ಗಂಟೆಗಟ್ಟಲೆ ತೊಡೆಯ ಮೇಲಿಟ್ಟುಕೊಂಡರೆ ಅದರ ಬಿಸಿಗೆ ಬಲೆಯಂತೆ ಕಂದು ಗುರುತು ಬೀಳುತ್ತದೆ. ಸ್ವಿಟ್ಜರ್‌ಲೆಂಡಿನ 12 ವರ್ಷದ ಹುಡುಗನೊಬ್ಬನಿಗೆ ಆಟ ಆಡಿ ಆಡಿ ಎಡತೊಡೆಯ ಮೇಲೆ ಹೀಗಾದದ್ದು 2010ರಲ್ಲಿ ವರದಿಯಾಯಿತು. ಕಾಶ್ಮೀರದಲ್ಲಿ ಹೊಟ್ಟೆಯ ಬಳಿ ಕೆಂಡದ ಕಾಂಗ್ರಿ ಇಟ್ಟುಕೊಳ್ಳುವವರಿಗೆ ಬರುವ ಗುರುತೂ ಇದೇ ಜಾತಿ. ಮೇಜಿನ ಮೇಲಿಟ್ಟರೆ ಮುಗಿಯಿತು.

ಕೊನೆಯದಾಗಿ, ಮೈಮೇಲಿನ ಎಲ್ಲ ಕಲೆಯೂ ಬಂಗಲ್ಲ. ಕತ್ತಿನ ಹಿಂಭಾಗ, ಕಂಕುಳು ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಉಜ್ಜಿ ತೊಳೆದು ಪ್ರಯೋಜನವಿಲ್ಲ. ಅದು ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬ ಸೂಚನೆಯಾಗಿರಬಹುದು, ಸಕ್ಕರೆ ಪರೀಕ್ಷೆ ಮಾಡಿಸಿ. ಮಕ್ಕಳಲ್ಲಿ ಕಂಡರೂ ಮಾಡಿಸಿ. ತಿಳಿಬಣ್ಣದ ಅಥವಾ ಕೆಂಪು ಛಾಯೆಯ ಮಚ್ಚೆಯ ಮೇಲೆ ಸ್ಪರ್ಶ ಗೊತ್ತಾಗದಿದ್ದರೆ ಅದು ಕುಷ್ಠದ ಆರಂಭವಿರಬಹುದು. ಹೆದರುವುದಾಗಲಿ ಮುಚ್ಚಿಡುವುದಾಗಲಿ ಬೇಡ, ಎಲ್ಲ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಔಷಧ ಉಚಿತ, ಬೇಗ ಶುರುಮಾಡಿದರೆ ಅಂಗವೈಕಲ್ಯ ಬರದಂತೆ ಪೂರ್ತಿ ಗುಣವಾಗುತ್ತದೆ. ಗಾತ್ರ, ಬಣ್ಣ ಬದಲಾಗುತ್ತಿರುವ ಮಚ್ಚೆ, ತಿಂಗಳಾದರೂ ಮಾಯದ ಹುಣ್ಣು ಇದ್ದರೂ ತಡ ಮಾಡಬೇಡಿ.

ವೈದ್ಯರಲ್ಲಿಗೆ ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬು, ಡಬ್ಬಿಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಭಾಷೆ ಬಾರದಿದ್ದರೂ ಅವು ಮಾತನಾಡುತ್ತವೆ. ವೈದ್ಯರು ಹೇಳಿದ್ದನ್ನು, ಯಾವುದು ಬೆಳಿಗ್ಗೆ ಯಾವುದು ರಾತ್ರಿ, ಎಷ್ಟು ದಿನ ಎಂಬುದನ್ನು ಅಲ್ಲಿಯೇ ಕುಳಿತು ಕನ್ನಡದಲ್ಲಿ ಚೀಟಿಯ ಹಿಂದೆ ಬರೆದುಕೊಳ್ಳಿ.